ಬಾವಲಿ ಗವಿಯಲ್ಲಿ ತಗ್ಗಿದ ನೀರು

ಆಗಬೇಕಾದ ಕೆಲಸ ಒಂದೇ: ಬಾವಲಿ ಗವಿಯೊಳಗೆ ಸಿಕ್ಕಿಕೊಂಡ ರಾಜಶೇಖರನನ್ನು ಜೀವಸಹಿತ ಹೊರಗೆ ತರುವುದು. ಬೆಳಗ್ಗೆ ಜೇನು ಕೀಳಲು ಹೋದವನು. ಅಷ್ಟರಲ್ಲಿ ಬೆಟ್ಟದ ಮೇಲೆ ಮಳೆ ಹುಯ್ದು, ಹಳ್ಳ ಗವಿಗೆ ನುಗ್ಗಿ, ನಡುವಿನ ಕಿಂಡಿ ಮುಳುಗಿಹೋಯಿತು. ಚಾಮರಾಜನಗರದಿಂದ ಅಗ್ನಿಶಾಮಕದವರು ಹೊರಟಿದ್ದರೂ ಬೇಗೂರಿನ ಈಚೆ ದಾರಿಯೇ ಕೊಚ್ಚಿಹೋಗಿತ್ತು.

"ನಾನಿಲ್ವಾ? ಯಾಕ್ ಅಳ್ತೀಯಮ್ಮಿ?" ಎಂದ ನೀಲಕಂಠಸ್ವಾಮಿ, ತಂಗಿ ಸುಧಾಮಣಿಗೆ. ರಾಜಶೇಖರ ಅವಳ ಗಂಡ.

ನೀಲಕಂಠಸ್ವಾಮಿ ಸೋದರತ್ತೆ ಗಂಗಾಂಬಿಕೆಯಿಂದ ಮನಸ್ಸಿನಲ್ಲೇ ನೀರು ಜರುಗಿಸುವುದನ್ನು ಕಲಿತಿದ್ದ. ತಟ್ಟೆಯ ನೀರನ್ನು ಮುಟ್ಟದೆಯೇ ಒಂದು ಅಂಚಿಗೆ ಒಟ್ಟುತ್ತಿದ್ದ. ಮನೆಗೆ ನೆಂಟರು ಬಂದರೆ ಕಾಫಿಗಿಂತ ಮೊದಲು ಆ ತಟ್ಟೆ ಬರುತ್ತಿತ್ತು! "ನೀರ್ನ ಕೇಳ್ಕೋಬೇಕು ಕಣ್ಲಾ, ಅಪ್ಪಣೆ ಮಾಡ್ಬಾರ್ದು" ಎಂದು ಅತ್ತೆ ಬಡಕೊಂಡಿದ್ದೇ ಬಂತು. ನಮ್ಮ ಸ್ವಾಮಿಯ ಕಿವಿಗೆ ಚಪ್ಪಾಳೆ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ.

ಅಣ್ಣ, ತಂಗಿ, ಪಕ್ಕದ ಮನೆಯ ಪುಟ್ಟಬಸಪ್ಪ, ಮೂವರೇ ಹಗ್ಗ ಹಿಡಿದು ಹೊರಟರು. ಲಾಂಟಾನದ ಪೊದೆ ತೊಡೆ ಗೀರುತ್ತಿತ್ತು. ಬಿದಿರು ಮೆಳೆಯ ಬಳಿ ಆನೆ ಲದ್ದಿ ಇನ್ನೂ ಬಿಸಿಯಾಗಿ ಹಬೆಯಾಡುತ್ತಿದ್ದುದರಿಂದ ಉಸಿರು ಬಿಗಿಹಿಡಿದು ದಾಟಿದರು. ಕೆಳಗೆ ಹೊಲಗಳೆಲ್ಲ ಕೆಂಪು ನೀರು ತುಂಬಿ ನಿಂತಿದ್ದವು, ಮೇಲೆ ಬಂಡೆಗಳಿಂದ ಸಣ್ಣ ಸಣ್ಣ ಝರಿಗಳು ಸುರಿಯುತ್ತಲೇ ಇದ್ದವು.

ಗವಿಯೊಳಗೆ ಬಾವಲಿಗಳ ನಾತ. ನೀರು ಸೊಂಟದವರೆಗೆ. ಮುಂದೆ ಬಂಡೆ ಬಗ್ಗಿ ನೀರನ್ನೇ ಮುಟ್ಟಿತ್ತು.

"ಮಣೀ!" ಮೇಲಿನ ಬಂಡೆಯ ಸಣ್ಣ ಸೀಳಿನಿಂದ ರಾಜಶೇಖರನ ಕೂಗು ಬಂತು. "ಕುತ್ಗೆಗೆ ಬಂತು ನೀರು!"

ಪುಟ್ಟಬಸಪ್ಪ ಮುಳುಗಿದ. ಸೆಳೆತ ಅವನನ್ನು ಬಂಡೆಗೆ ಅಪ್ಪಳಿಸಿ ಹಿಂದಕ್ಕೆ ಎಸೆಯಿತು. ಹಣೆಯಿಂದ ರಕ್ತ.

"ಸರೀರಿ ಎಲ್ಲಾ" ಎಂದು ನೀಲಕಂಠಸ್ವಾಮಿ ಕೈ ಚಾಚಿದ. "ಜರುಗು!"

ನೀರು ಅಲುಗಲಿಲ್ಲ.

"ಜರುಗು ಅಂದ್ನಲ್ಲಾ!"

ಅಲುಗಲಿಲ್ಲ. ಬೆವರು ಕಿತ್ತುಕೊಂಡು ಬಂತು. ಅವನು ತಂಗಿಯ ಕಡೆ ತಿರುಗಿದ. "ಸುಧಾ, ನೀನೇನಾದ್ರೂ ಹೊರಗಾಗಿದ್ದೀಯಾ? ಅದ್ಕೇ ನೀರು ನನ್ನ ಮಾತು ಕೇಳ್ತಿಲ್ಲ."

ಪುಟ್ಟಬಸಪ್ಪ ತಲೆ ತಗ್ಗಿಸಿದ.

"ಎದೆ ಮ್ಯಾಲೆ ಲಿಂಗ ಕಟ್ಕೊಂಡು ಈ ಮಾತಾ ಅಣ್ಣಾ?" ಎಂದಳು ಸುಧಾಮಣಿ. "ನಮ್ಗೆ ಆ ಸೂತಕ ಇಲ್ಲ ಕಣಮ್ಮಿ ಅಂತ ಯೇಳ್ಕೊಟ್ಟೋನೇ ನೀನು. ಒಳ್ಗೆ ಅವ್ರ ಜೀವ ಓಯ್ತಾ ಅದೆ, ತಪ್ಪ ಒರಿಸಕ್ಕೆ ನಾನೇ ಬೇಕಿತ್ತಾ?"

ಅಯ್ಯೋ, ಅವನಿಗೆ ಆದ ನಾಚಿಕೆ! ಮುಖ ಕಿವಿ ಎಲ್ಲ ಉರಿದುಹೋಯಿತು. ಇಂಥ ಹೊತ್ತಿನಲ್ಲೂ ಮಾನ ಉಳಿಸಿಕೊಳ್ಳಲು ಹೊರಟ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ತಪ್ಪಾಯ್ತು" ಎಂದ. ತಂಗಿಗೋ ನೀರಿಗೋ, ಅವನಿಗೇ ತಿಳಿಯದು. "ಒಸಿ ಜರುಗು ತಾಯಿ."

ಬಂಡೆಯ ಕೆಳಗೆ ಗೇಣುದ್ದ ಕಿಂಡಿ ತೆರೆದುಕೊಂಡಿತು.

"ತಗ್ತು ಕಣಣ್ಣಾ!"

"ನೋಡ್ದ್ಯಾ? ನಾನು..." ಎನ್ನುವಷ್ಟರಲ್ಲಿ ನೀರು ದಬಕ್ಕನೆ ಏರಿ ಕಿಂಡಿ ಮುಚ್ಚಿತು.

ಸುಧಾಮಣಿಗೆ ಆ ಕ್ಷಣವೇ ಹೊಳೆಯಿತು. "ನನ್ಗೆ ನೀನಂದ ಮಾತ ನೆನ್ಸ್ಕೊ! ಆ ನಾಚ್ಕೆ ಬುಡ್ಬ್ಯಾಡ!"

ಅವನು ನೆನೆದ. ನೀರು ತಗ್ಗಿತು. ಅವಳು ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಪುಟ್ಟಬಸಪ್ಪನ ಕೈಗೆ ಕೊಟ್ಟು, ಮುಖ ಮೇಲಕ್ಕೆತ್ತಿ ಕಿಂಡಿಯೊಳಗೆ ನುಸುಳಿದಳು. ಅವನು ಕಣ್ಣು ಮುಚ್ಚಿ ತನ್ನ ಮಾನಗೇಡುಗಳನ್ನೆಲ್ಲ ಒಂದೊಂದಾಗಿ ಎಳೆದು ತಂದ. ನೆಂಟರೆದುರು ರಾಜಶೇಖರನನ್ನು 'ದಂಡಪಿಂಡ' ಎಂದು ನಕ್ಕಿದ್ದು. ಅತ್ತೆ ಕಾಯಿಲೆ ಬಿದ್ದಾಗ ನೋಡಲು ಹೋಗದೆ ಇದ್ದದ್ದು.

ಹಗ್ಗ ಬಿಗಿಯಾಯಿತು. ಗಂಡ ಹೆಂಡತಿ ಇಬ್ಬರೂ ಕಿಂಡಿಯ ನಡುವೆ ಇದ್ದರು.

"ಭಲೇ ನೀಲಕಂಠಣ್ಣ!" ಎಂದುಬಿಟ್ಟ ಪುಟ್ಟಬಸಪ್ಪ.

ನೀರು ಉಕ್ಕಿತು!

"ಒಗಳ್ಬ್ಯಾಡ್ವೋ, ಬಯ್ಯೋ!"

ಪುಟ್ಟಬಸಪ್ಪ ಹಗ್ಗ ಎಳೆಯುತ್ತಲೇ ಬೈದ, ಬೇಲಿ ಜಗಳದಿಂದ ಹಿಡಿದು ಎಷ್ಟೋ ವರ್ಷದ್ದೆಲ್ಲ ಸೇರಿಸಿ, ಹೊಟ್ಟೆ ತುಂಬ ಬೈದ. ಎಲ್ಲವೂ ನಿಜವೇ ಆಗಿತ್ತು. ನೀರು ಇಳಿಯಿತು. ಕೆಮ್ಮುತ್ತ ಎರಡು ತಲೆಗಳು ಹೊರಬಂದವು.

ಗವಿಯ ಬಾಯಲ್ಲಿ ರಾಜಶೇಖರ ನಡುಗುತ್ತ ಕೈ ಮುಗಿದ. "ಭಾವ, ನೀವೇ ನನ್ನ ದೇವ್ರು."

ಸುಧಾಮಣಿ ಅಣ್ಣನ ಆ ಮಾತನ್ನು ಗಂಡನಿಗೆ ಹೇಳಲಿಲ್ಲ. ಅದನ್ನೇ ನೀಲಕಂಠಸ್ವಾಮಿಗೆ ತಡೆಯಲಾಗಲಿಲ್ಲ. ತಂಗಿಯನ್ನು ಕೇಳಿದ ಪ್ರಶ್ನೆಯನ್ನು ರಾಜಶೇಖರನಿಗೆ ತಾನೇ ಹೇಳಿ, ನೆಲ ನೋಡುತ್ತ ಅತ್ತುಬಿಟ್ಟ.

ಅವಳು ಸೆರಗು ಹಿಂಡುತ್ತ ಅಂದಳು: "ಆ ಮಾತ ನಾನು ಮರ್ತ್ಬುಡ್ತೀನಿ ಅಣ್ಣಾ. ನೀನು ಮಾತ್ರ ಮರೀಬ್ಯಾಡ. ಮಳೆಗಾಲ ಇನ್ನೂ ಅದೆ."

"ಮರೆಯಕಿಲ್ಲ ಕಣಮ್ಮಿ" ಎಂದ ನೀಲಕಂಠಸ್ವಾಮಿ, ರಾಜಶೇಖರನನ್ನು ಬೆನ್ನ ಮೇಲೆ ಹೊತ್ತು ಇಳಿಯತೊಡಗಿದ.