ಗಂಟೆ ನಿಂತ ನಾಡಿನ ಮೊದಲ ವರ್ಷ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಒಂದು ಹೊಸ ನಾಡಿತ್ತು. ಎಷ್ಟು ಹೊಸದು ಅಂದರೆ ಅದಕ್ಕಿನ್ನೂ ಹೆಸರೇ ಇಟ್ಟಿರಲಿಲ್ಲ. ನೂರು ವರ್ಷ ತಮ್ಮನ್ನು ಆಳಿದ ಕಾಳದಂಡನೆಂಬ ಮಾಂತ್ರಿಕನನ್ನು ಅಲ್ಲಿಯ ಜನ ಒಟ್ಟಾಗಿ ಕಡಲಾಚೆ ಓಡಿಸಿದ್ದರು. ರಾಜರ ಸಹವಾಸವೇ ಸಾಕಪ್ಪಾ ಎಂದು ಹೊನ್ನಾಜಿಯೆಂಬ ಕುಂಬಾರ ಹೆಣ್ಣುಮಗಳನ್ನು ಯಜಮಾನಿಯಾಗಿ ಆರಿಸಿಕೊಂಡಿದ್ದರು.

ಓಡುವವನು ಸುಮ್ಮನೆ ಓಡಿದನೇ? ತನ್ನ ಗೋಪುರದ ಕಂಚಿನ ಗಂಟೆಯನ್ನು ತೋರಿಸಿ ಹೇಳಿದ: "ವರ್ಷದೊಳಗೆ ಇದು ಮೂರು ಸಲ ಮೊಳಗಿದರೆ ನಾನು ಮರಳಿ ಬರುತ್ತೇನೆ. ಇಲ್ಲವಾದರೆ ನನ್ನ ಮಾಟವೆಲ್ಲ ಮಣ್ಣಾಗಲಿ."

 ಹೊನ್ನಾಜಿಯ ತಮ್ಮ ಬೀರಣ್ಣ ಕಾಳದಂಡನ ಮಾಟಕ್ಕೆ ಸಿಕ್ಕಿ ಅದೇ ಗೋಪುರದ ಕೆಳಗೆ ಕಲ್ಲಿನ ಎತ್ತಾಗಿ ನಿಂತು ಒಂಬತ್ತು ವರ್ಷವಾಗಿತ್ತು. ಗಂಟೆ ಹೊಡೆಯುವ ಮೊದಲೇ ಹಸುವಿನ ಹಾಲು ಕರೆದ ಎಂಬುದೇ ಅವನ ತಪ್ಪು. ಈ ವರ್ಷ ದಾಟಿದರೆ ತಮ್ಮ ಸಿಗುತ್ತಾನೆ. ದಾಟದಿದ್ದರೆ ಎಂದೆಂದಿಗೂ ಕಲ್ಲೇ.

ಬಾರಿಸದಿದ್ದರಾಯಿತು, ಅದರಲ್ಲೇನು ಕಷ್ಟ ಅಂತೀರಾ? ನೀವು ಆ ನಾಡಿನಲ್ಲಿ ಹುಟ್ಟಿಲ್ಲ, ಅದಕ್ಕೇ ಹಾಗಂತೀರಿ. ಅಲ್ಲಿ ಏಳಲಿಕ್ಕೆ ಗಂಟೆ, ಒಲೆ ಹಚ್ಚಲಿಕ್ಕೆ ಗಂಟೆ, ಬಿತ್ತಲಿಕ್ಕೆ ಗಂಟೆ, ಸತ್ತವರಿಗಾಗಿ ಅಳಲಿಕ್ಕೂ ಗಂಟೆ. ಒಡೆದು ಹಾಕೋಣವೆಂದರೆ ಸುತ್ತಿಗೆ ತಾಗಿದರೂ ಮೊಳಗುತ್ತದೆ. ಅದರ ಮೇಲೊಂದು ಮಾತಾಡುವ ಕಂಚಿನ ನವಿಲು ಬೇರೆ. ಒಂದೇ ಸಲ ತಾನೇ, ಎಳೆಯಿರಿ ಎಂದು ದಿನವಿಡೀ ಪುಸಲಾಯಿಸುತ್ತಿತ್ತು.

ಮಳೆ ಬಂತು. ಜನ ಮಡಿಲಲ್ಲಿ ಜೋಳ ಕಟ್ಟಿಕೊಂಡು ಹೊಲದಲ್ಲಿ ನಿಂತರು. ನಿಂತೇ ನಿಂತರು. ಗಂಟೆಯಿಲ್ಲದೆ ಒಬ್ಬರ ಕೈಯೂ ಕೆಳಗಿಳಿಯಲಿಲ್ಲ. ನಗಬೇಡಿ, ಮೂರನೆಯ ದಿನ ಮಡಿಲಲ್ಲೇ ಮೊಳಕೆ ಬಂತು. ಗಾಬರಿಯಾಗಿ ಯಾರೋ ಓಡಿ ಹಗ್ಗ ಎಳೆದರು. ಅದೇ ಕ್ಷಣ ಗೋಪುರದ ಮೆಟ್ಟಿಲ ಮೇಲೆ ಕಾಳದಂಡನ ಎರಡು ದೊಡ್ಡ ಕಾಲುಗಳು ಬಂದು ನಿಂತವು. ಮೇಲೆ ಏನೂ ಇಲ್ಲ, ಬರೀ ಕಾಲು.

ಆಮೇಲೆ ಒಂದು ಮದುವೆ. ಮುಹೂರ್ತ ಹೇಳಲಿಕ್ಕೆ ಗಂಟೆಯಿಲ್ಲ. ಗಂಡಿನವರು ಈಗಲೇ ತಾಳಿ ಕಟ್ಟೋಣ ಅಂದರು, ಹೆಣ್ಣಿನವರು ತಡೆಯಿರಿ ಅಂದರು. ಮಾತಿಗೆ ಮಾತು ಬೆಳೆದು ಕೈಗೆ ಕೋಲು ಬಂತು. ಹೊನ್ನಾಜಿ ನಡುವೆ ನಿಂತು ಕೈಮುಗಿದಳು. ಯಾರು ಕೇಳುತ್ತಾರೆ? ಹೆಣ್ಣಿನ ಅಪ್ಪ ಹೋಗಿ ಹಗ್ಗ ಎಳೆದೇಬಿಟ್ಟ. ಕಾಲುಗಳ ಮೇಲೆ ಸೊಂಟ, ಎದೆ, ತೋಳು ಬಂದು ಕೂಡಿಕೊಂಡವು. ತಲೆಯೊಂದು ಬಾಕಿ. ಹೊನ್ನಾಜಿ ಕಲ್ಲಿನ ಎತ್ತಿನ ಕೊರಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಜೋಳ ಹಣ್ಣಾಗುವ ಹೊತ್ತಿಗೆ ಪಡುವಣದಲ್ಲಿ ಕಾರ್ಮೋಡ ಕವಿಯಿತು. ಬೇಗ ಕೊಯ್ದರೆ ಜೊಳ್ಳು, ತಡವಾದರೆ ಕೊಳೆ. ಹಿಂದೆಲ್ಲ ಬೆಳೆ ಕೆಟ್ಟರೆ ಗಂಟೆಯನ್ನು ಬೈದರೆ ಮುಗಿಯುತ್ತಿತ್ತು. ಈಗ ಬೈಸಿಕೊಳ್ಳುವವರು ಯಾರು? ಊರೆಲ್ಲ ಗೋಪುರದತ್ತ ಹೊರಟಿತು.

ಹೊನ್ನಾಜಿ ಹಗ್ಗಕ್ಕೆ ಅಡ್ಡ ನಿಂತಳು. ಅಲ್ಲಿಂದ ನೋಡಿದರೆ ದೂರದಲ್ಲಿ ಒಂದೇ ಒಂದು ಹೊಲ ಅರ್ಧ ಕೊಯ್ದಾಗಿತ್ತು. ಅದು ತಿಮ್ಮಾಜಮ್ಮನದು. ಆ ಮುದುಕಿಗೆ ಸಣ್ಣಂದಿನ ಜ್ವರದಲ್ಲಿ ಕಿವಿ ಹೋಗಿತ್ತು. ಅಂದಿನಿಂದ ಗಂಟೆಯ ಸದ್ದನ್ನೇ ಅವಳು ಕೇಳಿರಲಿಲ್ಲ. ಮೊದಲು ಅವಳನ್ನು ಕೇಳೋಣ, ಆಮೇಲೆ ಬೇಕಾದರೆ ಎಳೆಯಿರಿ ಎಂದು ಹೊನ್ನಾಜಿ ಎಲ್ಲರನ್ನೂ ಆ ಹೊಲಕ್ಕೆ ಕರೆದೊಯ್ದಳು.

ಕೊಯ್ಯುವ ಹೊತ್ತು ಹೇಗೆ ತಿಳಿಯಿತೆಂದು ಕೈಸನ್ನೆ ಮಾಡಿದಾಗ ಮುದುಕಿ ತೆನೆಯೊಂದನ್ನು ಉಜ್ಜಿ ಕಾಳನ್ನು ಹೊನ್ನಾಜಿಯ ಬಾಯಿಗೆ ಹಾಕಿದಳು. ಕಚ್ಚಿದರೆ ಕಟಕ್ಕೆಂದಿತು.

"ಗಟ್ಟಿಯಿದ್ದರೆ ಕೊಯ್ಯಬೇಕು, ಮೆತ್ತಗಿದ್ದರೆ ಬಿಡಬೇಕು," ಅಂದಳು ಮುದುಕಿ. "ಇಷ್ಟು ವರ್ಷ ಕಾಳು ಕಚ್ಚಿಕೊಂಡು ನಿಮ್ಮ ಕುಡುಗೋಲು ಏಳುವುದನ್ನೇ ಕಾಯುತ್ತಿದ್ದೆ. ಪ್ರತಿ ವರ್ಷವೂ ನೀವು ತಡ. ಈ ಸಲ ಕಾಯಲಿಲ್ಲ."

 ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಹೊಲಕ್ಕೆ ಹೋಗಿ ಕಾಳು ಕಚ್ಚಿದರು. ಕೆಲವರು ಅಂದೇ ಕೊಯ್ದರು, ಕೆಲವರು ಎರಡು ದಿನ ಬಿಟ್ಟರು. ಲೆಕ್ಕ ತಪ್ಪಿದವರೂ ಇದ್ದರು. ನಾಲ್ಕು ಹೊಲ ಮಳೆಗೆ ಸಿಕ್ಕಿದವು. ಗೊಣಗಿದರು, ಹಣೆ ಚಚ್ಚಿಕೊಂಡರು, ಆದರೆ ಹಗ್ಗ ಮಾತ್ರ ಮುಟ್ಟಲಿಲ್ಲ.

ವರ್ಷ ತುಂಬಿದ ಮಧ್ಯಾಹ್ನ ನವಿಲಿನ ಬಾಯಿ ಕಟ್ಟಿತು. ತಲೆಯಿಲ್ಲದ ಮಾಂತ್ರಿಕ ಮರಳಾಗಿ ಕುಸಿದ. ಗಂಟೆ ಸದ್ದಿಲ್ಲದೆ ಹಿಟ್ಟಾಗಿ ಉದುರಿತು. ಕಲ್ಲಿನ ಎತ್ತು ಬಿರಿದು ಬೀರಣ್ಣ ಎದ್ದು ನಿಂತ. ಹಬ್ಬಕ್ಕೆಂದು ಡೊಳ್ಳು ಹೊತ್ತು ಬಂದಿದ್ದ ನಾಡಿಗೆ ನಾಡೇ ಅವನನ್ನು ನೋಡುತ್ತಿತ್ತು.

"ಅಕ್ಕಾ, ನಾನೀಗ ಏನು ಮಾಡಬೇಕು?" ಎಂದು ಕೇಳಿದ.

"ನಿನ್ನಿಷ್ಟ ಕಣೋ," ಅಂದಳು ಹೊನ್ನಾಜಿ. 

ಬೀರಣ್ಣ ಅಕ್ಕನನ್ನು ಕೂರಿಸಿ ತಾನೂ ಕೂತ. "ಒಂಬತ್ತು ವರ್ಷ ನಿಂತೇ ಇದ್ದೆ. ಮಲಗಬೇಕು," ಎಂದು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ.

ಡೊಳ್ಳಿನವರು ಡೊಳ್ಳುಗಳನ್ನು ಮೆಲ್ಲಗೆ ಕೆಳಗಿಟ್ಟರು. ಆ ನಾಡಿನ ಮೊದಲ ಹಬ್ಬ ಪಿಸುಮಾತಿನಲ್ಲೇ ನಡೆಯಿತು. ತುದಿಗಾಲಲ್ಲಿ ಹೋಳಿಗೆ ಬಡಿಸಿದರು, ನಗು ಬಂದರೆ ಸೆರಗು ಅಡ್ಡ ಹಿಡಿದರು. ಅಂದಿನಿಂದ ಅವರೆಲ್ಲ ತಮ್ಮ ತಮ್ಮ ಹೊತ್ತಿಗೆ ಎದ್ದು, ತಮ್ಮ ತಮ್ಮ ಹೊತ್ತಿಗೆ ಉಂಡು ಚೆನ್ನಾಗಿ ಬಾಳಿದರು. ಬೀರಣ್ಣ ಮರುದಿನ ಮಧ್ಯಾಹ್ನ ಎದ್ದ. ಅಲ್ಲಿಯ ತನಕ ಒಬ್ಬರೂ ಅವನನ್ನು ಎಬ್ಬಿಸಲಿಲ್ಲ.