ಮೂರನೆಯ ಉಪಚಾರ

"ಯಜಮಾನ್ರೆ, ನಿಲುವಂಗಿ ಹಾಗೆ ಉಟ್ಕೋಬೇಡಿ. ಈ ಕೋಣೇಲಂತೂ ಬೇಡವೇ ಬೇಡ," ಎಂದಳು ಕಿನು ಅಜ್ಜಿ. ಚಹಾದ ತಟ್ಟೆಯನ್ನು ಅವನ ಮುಂದಿಟ್ಟಳು.

ಶೋಗೊ ಬಗ್ಗಿ ನೋಡಿಕೊಂಡ. ನಿಲುವಂಗಿಯ ಬಲ ಅಂಚು ಎಡದ ಮೇಲೆ ಬಂದಿತ್ತು. ಹಾಗೆ ಉಡಿಸುವುದು ಹೆಣಕ್ಕೆ. ಬಿಸಿನೀರಿನ ಕೊಳದಿಂದ ಎದ್ದು ಬಂದ ಅವಸರದಲ್ಲಿ ಆದ ತಪ್ಪು, ತಿದ್ದಿಕೊಳ್ಳಲು ಅರೆನಿಮಿಷ ಸಾಕಿತ್ತು. ಆದರೆ ಯಾರಾದರೂ ಬೇಡ ಎಂದದ್ದನ್ನು ಬಿಡುವ ಜಾಯಮಾನ ಅವನದಲ್ಲ. ಸೊಂಟದ ಪಟ್ಟಿಯನ್ನು ಇನ್ನಷ್ಟು ಬಿಗಿದ.

"ಯಾಕಜ್ಜಿ, ಯಮ ಬಂದು ಎತ್ಕೊಂಡು ಹೋಗ್ತಾನಾ?"

ಅಜ್ಜಿ ನಗಲಿಲ್ಲ. ನಲವತ್ತು ವರ್ಷದಿಂದ ಯುನೊಸಾವಾದ ಈ ವಸತಿಗೃಹದಲ್ಲಿ ಅತಿಥಿಗಳ ಹಾಸಿಗೆ ಹಾಸಿ ಮಡಿಸಿದವಳು. ಇಂಥ ಹಾಸ್ಯಗಳನ್ನು ಸಾಕಷ್ಟು ಕೇಳಿದ್ದಳು.

"ಈ ಮನೆಯ ಹಿಂದಿನ ಒಡತಿ ಗಂಡನಿಗೆ ಮಾಟ ಮಾಡಿದ್ದು ಹಿಂಗೇ. ಸತ್ತೋರಿಗೆ ಮಾಡೋ ಉಪಚಾರನ ಬದುಕಿರೋನಿಗೆ ಮಾಡಿದ್ಲು. ಮೂರೇ ಮೂರು. ಅವನು ಹೋದ, ಮಾಟ ಹೋಗ್ಲಿಲ್ಲ. ಈ ಕೋಣೇಲೇ ಕೂತಿದೆ. ಎರಡು ಉಪಚಾರ ಯಾರು ಮಾಡಿದ್ರೂ ಬದುಕ್ಕೋಬಹುದು. ಮೂರನೇದನ್ನ ಕಟ್ಕೊಂಡೋರ ಕೈ ಮಾಡಿಬಿಟ್ರೆ ಮುಗೀತು."

"ಕೇಳಿದ್ಯೇನೇ?" ಶೋಗೊ ಕಿಟಕಿಯತ್ತ ತಿರುಗಿದ. "ನಿನ್ನ ಕೈಲಿದೆಯಂತೆ ನನ್ನ ಆಯಸ್ಸು!"

ಅಲ್ಲಿ ಕೂತಿದ್ದ ಹೆಂಡತಿ ಚಿಸಾತೊ ಮುಖ ತಿರುಗಿಸಿದಳು. ಹೊರಗೆ ಸೂರಿನಿಂದ ಹಿಮದ ಹೆಂಟೆ ಜಾರಿ ದೊಪ್ಪೆಂದು ಬಿತ್ತು.

ಶನಿವಾರ, ಭಾನುವಾರ ಎರಡು ದಿನ ಬೆಟ್ಟದಲ್ಲಿ ಹಾಯಾಗಿ ಇದ್ದು ಬರೋಣ ಎಂದು ಟೋಕಿಯೊದಿಂದ ಹೊರಡಿಸಿದ್ದು ಅವನೇ. ಮೂರು ವರ್ಷದಿಂದ ಹೆಂಡತಿ ಮಂಕಾಗಿದ್ದಾಳೆ, ಬಿಸಿನೀರಿನಲ್ಲಿ ನೆಂದರೆ ಸರಿಹೋಗುತ್ತಾಳೆ ಎಂಬ ಲೆಕ್ಕಾಚಾರ. ಯಾಕೆ ಮಂಕಾಗಿದ್ದಾಳೆ ಎಂದು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ಕೇಳಿರಲಿಲ್ಲ.

ಅಜ್ಜಿ ಕೈಮುಗಿದು ಹೊರಟುಹೋದಳು. ಮಧ್ಯಾಹ್ನ ಮೂರೂವರೆಗೇ ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ. ಕೋಣೆಯ ಮೂಲೆಗಳಲ್ಲಿ ಕತ್ತಲು ಕೂಡತೊಡಗಿತ್ತು. ಗಂಧಕದ ವಾಸನೆ, ಒದ್ದೆ ಹುಲ್ಲುಚಾಪೆಯ ವಾಸನೆ, ಅವೆರಡರ ಕೆಳಗೆ ಎಲ್ಲೋ ಆರಿಹೋದ ಊದುಬತ್ತಿಯ ವಾಸನೆ. ಶೋಗೊಗೆ ಇನ್ನೂ ಹುರುಪು. ಹಾಸಿಗೆಯನ್ನು ದರದರ ಎಳೆದು ದಿಂಬನ್ನು ಉತ್ತರಕ್ಕಿಟ್ಟ. ಆ ದಿಕ್ಕಿಗೆ ತಲೆಯಿಟ್ಟು ಮಲಗಿಸುವುದೂ ಹೆಣವನ್ನೇ.

"ಎರಡಾಯ್ತು!" ಎಂದು ಕೂಗಿ ಅಂಗಾತ ಮಲಗಿ, ಎದೆಯ ಮೇಲೆ ಕೈ ಜೋಡಿಸಿ, ನಾಲಿಗೆ ಹೊರಚಾಚಿದ.

"ಏಳ್ರೀ," ಎಂದಳು ಚಿಸಾತೊ. "ನಂಗೆ ಭಯ ಆಗ್ತಿದೆ. ಬಟ್ಟೆನಾದ್ರೂ ಸರಿ ಮಾಡ್ಕೊಳ್ಳಿ. ಕೈಮುಗೀತೀನಿ."

"ಆ ಕಲ್ಲುಗೊಂಬೆ ಬಿಸಾಕಿದ ದಿನಾನೂ ಹಿಂಗೇ ಮುಖ ಮಾಡಿದ್ದೆ ನೀನು. ಏನ್ ಆಕಾಶ ಕಳಚಿ ಬಿತ್ತಾ?"

ಚಿಸಾತೊಳ ಹೊಟ್ಟೆಯಲ್ಲೇ ಆರು ತಿಂಗಳಿಗೆ ತೀರಿಕೊಂಡ ಮಗುವಿನ ಹೆಸರಿನಲ್ಲಿ ಇಟ್ಟ ಜಿಜೋ ಅದು. ಮುಷ್ಟಿಯಷ್ಟು ಕಲ್ಲು, ಕೊರಳಿಗೊಂದು ಕೆಂಪು ಬಟ್ಟೆ. ಸತ್ತ ಕೂಸುಗಳನ್ನು ಕಾಯುವ ಆ ದೇವರಿಗೆ ಅವಳು ದಿನಾ ಬೆಳಿಗ್ಗೆ ಒಂದು ಒಳಲೆ ಹಾಲಿಡುತ್ತಿದ್ದಳು. ಒಂದು ಗುರುವಾರ ಶೋಗೊ ಅದನ್ನು ಒಡೆದ ಪಿಂಗಾಣಿಯ ಜೊತೆ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದ್ದ. ಅವಳು ಬರಿಗಾಲಲ್ಲಿ ಮೂರು ಬೀದಿ ಓಡಿದರೂ ಗಾಡಿ ಸಿಕ್ಕಿರಲಿಲ್ಲ.

ಚಿಸಾತೊ ಎದ್ದು ಬಂದು ಅವನ ಪಾದ ಮುಟ್ಟಿ ನೋಡಿದಳು. ಆಮೇಲೆ ಅವಳ ದನಿ ಮೃದುವಾಯಿತು.

"ಕಾಲು ತಣ್ಣಗಾಗಿದೆ ನಿಮ್ದು. ತೊಳೀತೀನಿ, ಇರಿ."

ಹೆಂಡತಿ ದಾರಿಗೆ ಬಂದಳು ಎಂದುಕೊಂಡ ಶೋಗೊ. ಬೆನ್ನು ಮಾಡಿ ಕೂತ ಅವಳು ಮರದ ಬೋಗುಣಿಗೆ ನೀರು ಸುರಿಯುವ ಸದ್ದು ಕೇಳಿಸಿತು. ಮೊದಲು ಹೂಜಿಯ ತಣ್ಣೀರು. ಅದರ ಮೇಲೆ ಕೆಟಲಿನ ಬಿಸಿನೀರು. ಬಿಸಿಗೆ ತಣ್ಣೀರು ಬೆರೆಸುವುದು ಬದುಕಿರುವವರ ಮೈಗೆ. ತಣ್ಣೀರಿಗೆ ಬಿಸಿ ಬೆರೆಸುವುದು ಹೆಣ ತೊಳೆಯಲು. ಅಯ್ಯೋ ಪೆದ್ದೀ, ಹೆದರಿಕೆಯಲ್ಲಿ ಮರೆತಳು! ಕಾಲು ತೊಳೆದಾದ ಮೇಲೆ ಹೇಳಿ ಗೋಳುಹೊಯ್ದುಕೊಳ್ಳೋಣ ಎಂದು ಒಳಗೊಳಗೇ ನಕ್ಕ.

ನೀರು ಪಾದಕ್ಕೆ ತಾಗಿತು.

ಬೆಚ್ಚಗಿರಲಿಲ್ಲ. ಪಾದ ಮರಗಟ್ಟಿತು. ಮೊಣಕಾಲು ಮರಗಟ್ಟಿತು. ಥಂಡಿ ಹೊಟ್ಟೆಗೆ ಹತ್ತಿತು. ಎದೆಗೆ ಹತ್ತಿತು. ಸಾಕು ಬಿಡೇ ಎನ್ನಹೋದ. ನಾಲಿಗೆ ಅಲುಗಲಿಲ್ಲ. ಕೈ ಏಳಲಿಲ್ಲ. ರೆಪ್ಪೆ ಮುಚ್ಚಿಕೊಂಡಿತು. ತೆರೆಯಲಿಲ್ಲ. ಕತ್ತಲು. ಊದುಬತ್ತಿಯ ವಾಸನೆ ಗಾಢವಾಯಿತು. ಯಾರೋ ಕಿವಿಯ ಹತ್ತಿರ ಕೂತು ಉಸಿರಾಡುತ್ತಿದ್ದರು. ಚಿಸಾತೊ ಅಲ್ಲ. ಅವಳು ಕಾಲ ಹತ್ತಿರ ಇದ್ದಳು.

ಕೇಳಿಸುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು.

ಮುದಿ ವೈದ್ಯ ಬಂದು ಹೃದಯ ನಿಂತಿದೆ ಎಂದ. ನಿಂತಿಲ್ಲ ಎಂದು ಶೋಗೊ ಒಳಗೇ ಅರಚಿದ. ಕಿನು ಅಜ್ಜಿ ಬಿಕ್ಕಿದಳು. "ನಾನು ಬಡ್ಕೊಂಡೆ ಕಣಮ್ಮಾ, ಬಡ್ಕೊಂಡೆ." ನಿಲುವಂಗಿ ಸರಿಪಡಿಸಲು ಬಂದವರು, ಎಲ್ಲಾ ಸರಿಯಾಗಿಯೇ ಇದೆ ಎಂದು ಹಾಗೇ ಬಿಟ್ಟರು. ಹೊಟ್ಟೆಯ ಮೇಲೆ ಡ್ರೈ ಐಸ್ ಪೇರಿಸಿದರು. ಭಾನುವಾರವಿಡೀ ತಲೆಯ ಬಳಿ ಮಂತ್ರ ಹೇಳುತ್ತಿದ್ದರು. ಸೋಮವಾರ ಬೆಳಿಗ್ಗೆ ಊರಾಚೆಯ ಸುಡುಮನೆಗೆ ಒಯ್ದರು.

"ಮುಖ ಕೊನೇ ಸಲ ನೋಡ್ಕೊಳ್ಳಿ ತಾಯಿ," ಎಂದ ಅಲ್ಲಿಯ ಕೆಲಸದವನು. ಶವಪೆಟ್ಟಿಗೆಯ ಪುಟ್ಟ ಕಿಟಕಿ ತೆರೆದು, ಮರ್ಯಾದೆಗೆಂದು ನಾಲ್ಕು ಹೆಜ್ಜೆ ದೂರ ಹೋಗಿ ನಿಂತ.

ಇದೇ ಕೊನೆ ಎಂದು ಶೋಗೊಗೆ ಗೊತ್ತಿತ್ತು. ಇದ್ದಬದ್ದ ಜೀವವನ್ನೆಲ್ಲ ಎಡಗಣ್ಣಿಗೆ ತಂದ. ರೆಪ್ಪೆ ಅದುರಿತು. ಇನ್ನೊಮ್ಮೆ ಅದುರಿತು. ಒಂದು ಗೆರೆಯಷ್ಟು ತೆರೆಯಿತು! ಮೇಲೆ ಚಿಸಾತೊಳ ಮುಖ. ಅವಳು ನೋಡುತ್ತಿದ್ದಳು. ಅದುರಿದ ರೆಪ್ಪೆಯನ್ನೂ ಅದರಡಿಯಲ್ಲಿ ಹೊರಳುವ ಕಣ್ಣುಗುಡ್ಡೆಯನ್ನೂ ಸ್ಪಷ್ಟವಾಗಿ ನೋಡಿದಳು.

ಅವಳು ಬಗ್ಗಿದಳು. ಅವಳ ಉಸಿರು ಅವನ ಕೆನ್ನೆಗೆ ತಾಗಿತು.

"ಮೊದಲು ತಣ್ಣೀರು ಹಾಕಿದ್ದು ಮರೆತು ಅಲ್ಲ ಕಣ್ರೀ," ಎಂದು ಪಿಸುಗುಟ್ಟಿದಳು. "ಬೇಕಂತಲೇ ಹಾಕ್ದೆ."

"ಇನ್ನೂ ಸ್ವಲ್ಪ ಹೊತ್ತು ಬೇಕಾ ತಾಯಿ?"

"ಬೇಡಪ್ಪಾ. ಆಯ್ತು."

ಕಿಟಕಿಯನ್ನು ಅವಳೇ ಮುಚ್ಚಿದಳು. ಪೆಟ್ಟಿಗೆ ಹಳಿಯ ಮೇಲೆ ಜಾರಿತು. ಹಿಂದೆ ಕಬ್ಬಿಣದ ಬಾಗಿಲು ಇಳಿಯಿತು. ಎಲ್ಲೋ ಕೆಳಗೆ ಭುಗ್ಗೆಂದಿತು. ಎರಡು ದಿನದಿಂದ ಮರಗಟ್ಟಿದ್ದ ಶೋಗೊನ ಪಾದಗಳು ಮೊದಲ ಸಲ ಬೆಚ್ಚಗಾದವು.