ಅಪ್ಪನ ಕೆಮ್ಮು

‘ಮಾಡಿದ್ದುಣ್ಣೋ ಮಹಾರಾಯ’ ಎಂದು ಊರೆಲ್ಲ ಹೇಳುತ್ತದೆ. ಮಿರಜದ ಸುಶಾಂತನ ಪಾಲಿಗೆ ಅದು ‘ಅಣಕಿಸಿದ್ದುಣ್ಣೋ ಮಹಾರಾಯ’ ಎಂದಾಯಿತು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಸಿತಾರ ಮಾಡುವವರ ಓಣಿಯ ಹಿಂದೆ, ಮರೆವಿನ ಕಾಯಿಲೆಯ ಹಿರಿಯರನ್ನು ಹಗಲೆಲ್ಲ ನೋಡಿಕೊಳ್ಳುವ ಡೇ ಕೇರ್ ಒಂದು ಹೊಸದಾಗಿ ತೆರೆದಿತ್ತು. ಪ್ರತಿ ಗುರುವಾರ ನೇತ್ರಾ ತನ್ನ ಅವ್ವ ನಾಗವ್ವನನ್ನು ಸಾಂಗಲಿಯಿಂದ ರಿಕ್ಷಾದಲ್ಲಿ ಕರೆತರುತ್ತಿದ್ದಳು. ಕರೆತರುವುದು ಸುಲಭ, ಬಿಟ್ಟುಹೋಗುವುದು ಕಷ್ಟ. ನಾಗವ್ವ ಮಗಳ ಓಢಣಿ ಹಿಡಿದು ಕೂತುಬಿಡುತ್ತಿದ್ದಳು.

“ಇವರು ಪೇಟಿಯಿಂದ ಬರೋತನಾ ನಾ ಉಣ್ಣಂಗಿಲ್ಲ!”

‘ಇವರು’ ಎಂದರೆ ನೇತ್ರಾಳ ಅಪ್ಪ, ಅರಿಶಿನದ ವ್ಯಾಪಾರಿ ಗುರುಸಿದ್ಧಪ್ಪ. ತೀರಿಕೊಂಡು ವರ್ಷಗಳಾಗಿದ್ದವು.

ಅಲ್ಲಿ ಕೆಲಸಕ್ಕಿದ್ದ ಸುಶಾಂತ ಮಹಾ ಅಣಕುಗಾರ. ಮಿರಜ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸಿನ ದನಿಯಲ್ಲಿ, “ಪಾಯಪ್ಪಕಾಕಾರ ಗುಳಿಗಿ ಒಂದನೇ ಪ್ಲಾಟ್‌ಫಾರ್ಮಿಗೆ ಬರ್ತಾ ಐತಿ,” ಎಂದು ಮುದುಕರ ಬಾಯಿ ತೆರೆಸುತ್ತಿದ್ದ.

“ಅಪ್ಪಾರ ದನಿ ಹೆಂಗಿತ್ತು? ನನಗ ಕಲಿಸ್ರಿ,” ಎಂದು ಒಂದಿನ ನೇತ್ರಾಳನ್ನು ಕೇಳಿದ.

“ಮೊದಲ ಎರಡು ಸಲ ಕೆಮ್ಮಬೇಕ್ರಿ. ಅರಿಶಿಣದ ಧೂಳಿನ ಕೆಮ್ಮು.”

ಕೆಮ್ಮಿದ.

“ಇದು ಬೀಡಿ ಕೆಮ್ಮು! ನಮ್ಮಪ್ಪ ಎಲಿ ಅಡಕಿ ಸುದ್ದಾ ಮುಟ್ಟಿದವರಲ್ಲ.”

ನೇತ್ರಾ ನಕ್ಕಳು. ನಕ್ಕಮೇಲೆ, ತನಗೆ ಇನ್ನೂ ನಗಲು ಬರುತ್ತದೆಂದು ಬೆರಗಾದಳು. ಅವನು ಆ ನಗೆ ನಿಲ್ಲುವವರೆಗೂ ನೋಡಿದ. ನೋಡಿದ್ದು ಗೊತ್ತಾದಾಗ ಮತ್ತೆ ಕೆಮ್ಮಿದ.

ಊಟದ ಹೊತ್ತಿಗೆ ಬಾಗಿಲ ಹಿಂದಿನಿಂದ ಎರಡು ಕೆಮ್ಮು: “ಇವತ್ತ ತಡಾ ಆಗತೈತಿ. ನೀ ಉಂಡುಬಿಡು.”

ನಾಗವ್ವ ಓಢಣಿ ಬಿಟ್ಟಳು, ಸೆರಗು ಹೊದ್ದು ಊಟಕ್ಕೆ ಕೂತಳು. ಮುಂದೊಂದು ಗುರುವಾರ ಗಾಳಿಗೆ ಬಾಗಿಲು ತೆರೆದು, ಕೆಮ್ಮುವವನ ಮುಖವೂ ಕಂಡಿತು. ಅಂದಿನಿಂದ ಆ ಮುಖವೇ ಅವಳ ಗಂಡನದಾಯಿತು. ಎಲ್ಲರೂ ನಕ್ಕರು. ನೇತ್ರಾಳೂ.

ಬಿಡುವು ಸಿಕ್ಕಿತು. ಎಲ್ಲಿಗೆ ಹೋಗಬೇಕೆಂದೇ ತಿಳಿಯದೆ ಅವಳು ಗೇಟಿನ ಬಳಿ ಕೂರುತ್ತಿದ್ದಳು.

“ಮನೀಗೆ ಹೋಗಿ ಮಲಗ್ರಿ,” ಎಂದ ಸುಶಾಂತ.

“ನಿದ್ದಿ ಮಾಡೋದೂ ಮರತೇನ್ರಿ.”

ಚಹಾ ಬಂತು, ಮಾತು ಬಂತು. ಒಂದು ಗುರುವಾರ ಅವನ ಸ್ಕೂಟರ್ ಹರಿಪುರದ ಸಂಗಮದವರೆಗೂ ಹೋಯಿತು. ಎರಡು ನದಿ ಒಂದಾಗುವಲ್ಲಿ ಅವನು ಮೆಲ್ಲಗೆ ಕೇಳಿದ, “ನನ್ನ ಲಗ್ನಾ ಆಗ್ತೀರಿ?”

“ಇದು ಯಾರ ದನಿರಿ?” ತುಂಟತನದಿಂದ ಕೇಳಿದಳು.

“ನಂದ. ಇಲ್ಲಿತನಾ ಯಾರೂ ಕೇಳಿಲ್ಲ.”

ಅವನು ಅಬೋಲಿ ಹೂವಿನ ದಂಡೆ ತಂದಿದ್ದ. ಅದನ್ನು ಮುಡಿಸಲೆಂದು ಅವಳು ಬೆನ್ನು ತಿರುಗಿಸಿದಳು. ಕೈ ಹಿಡಿದೇ ಡೇ ಕೇರಿನ ಮೆಟ್ಟಿಲು ಹತ್ತಿದರು.

ಎದುರಿಗೆ ನಾಗವ್ವ.

“ಯಾರಾಕಿ? ನಮ್ಮ ಮನಿಯವರ ಕೈ ಯಾಕ ಹಿಡದಾಳ?”

“ಅವ್ವಾ, ನಾನು… ನೇತ್ರಾ.”

ನಾಗವ್ವ ಗೋಡೆಯತ್ತ ತಿರುಗಿ ಅತ್ತಳು. ಮನೆಯಲ್ಲೂ ತುತ್ತು ಮುಟ್ಟಲಿಲ್ಲ, ಮಗಳ ಕೈಯಿಂದ ನೀರನ್ನೂ ಕುಡಿಯಲಿಲ್ಲ. ಮರುದಿನವೂ ಹಾಗೆಯೇ ಆದಾಗ ನೇತ್ರಾ ಗುರುವಾರಕ್ಕೆ ಕಾಯದೆ ಅವಳನ್ನು ಮಿರಜಕ್ಕೆ ಕರೆತಂದಳು.

“ಕಾಯೋಣು,” ಎಂದ ಸುಶಾಂತ. “ಒಂದಿನ ನನ್ನನ್ನೂ ಮರೀತಾರ.”

“ಆಕಿ ನನ್ನ ಮರತಾಳ, ನಿಮ್ಮನ್ನಲ್ಲ. ಇನ್ನ ಕಾಯೋದಂದ್ರ ಅವ್ವ ಹೋಗೋದನ್ನ ಕಾಯೋದು. ಹಂಗ ಕಾದು ಸುಖಾ ಪಡಲಿಕ್ಕೆ ನನ್ನಿಂದ ಆಗಂಗಿಲ್ರಿ.”

“ಮತ್ತ ನಾ ಏನ ಮಾಡ್ಲಿ?”

ಬಾಡಿದ ಅಬೋಲಿಯನ್ನು ಅವಳು ಇನ್ನೂ ಮುಡಿದಿದ್ದಳು. ತೆಗೆದು ಅವನ ಅಂಗೈಗಿಟ್ಟಳು.

“ಕೆಮ್ಮರಿ.”

ಎರಡು ಸಲ ಕೆಮ್ಮಿದ. ಎರಡನೆಯದು ಅರ್ಧಕ್ಕೇ ನಿಂತಿತು.

“ಇವತ್ತ ಲಗೂನ ಬಂದೇನಿ,” ಎನ್ನುತ್ತ ನಾಗವ್ವನ ಮುಂದೆ ಹೂ ಹಿಡಿದ. ಅವಳು ಮುನಿಸು ಮರೆತು ಮುಡಿದುಕೊಂಡಳು, ಎರಡು ತುತ್ತು ಉಂಡಳು. ಸುತ್ತಲಿನ ಮುದುಕಿಯರಿಗೆ ಹುರುಪೇರಿತು: “ಒಡಪ ಹಾಕಿ ಹೆಸರ ಹೇಳ, ನಾಗವ್ವ!”

ಗಂಡನ ಹೆಸರನ್ನು ಬರಿದೆ ಹೇಳಬಾರದು, ಪ್ರಾಸದಲ್ಲಿ ಸುತ್ತಿ ಹೇಳಬೇಕು. ಹೆತ್ತ ಮಗಳ ಹೆಸರು ಮರೆತವಳು ತಡವರಿಸದೆ ಹೇಳಿದಳು:

“ಸಾಂಗಲಿ ಪೇಟ್ಯಾಗ ಅರಿಶಿಣದ ರಾಶಿ,
ಗುರುಸಿದ್ಧಪ್ಪರು ಇರೋತನಾ ನಾ ಅಲ್ಲ ಪರದೇಶಿ.”

ಚಪ್ಪಾಳೆ ಬಿತ್ತು. ನಾಗವ್ವ ನೇತ್ರಾಳತ್ತ ತಿರುಗಿದಳು. “ಏ ಹುಡಗಿ, ನಿನ್ನ ಗಂಡನ ಹೆಸರೇನ? ನೀನೂ ಒಂದು ಹೇಳ.”

ನೇತ್ರಾ ಬಾಯಿ ತೆರೆದಳು. ಸುಶಾಂತ ಕಿಟಕಿಯತ್ತ ಮುಖ ತಿರುಗಿಸಿದ. ಹೆಸರು ತುಟಿಯವರೆಗೂ ಬಂದು ಅಲ್ಲೇ ನಿಂತಿತು.

“ನೋಡ್ರಿ, ನೋಡ್ರಿ, ಹೆಂಗ ನಾಚತಾಳ ಹುಚ್ಚಿ!” ಎಂದು ನಾಗವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.